ಇಲಿಯ ಪಾದದ ಬಾವು ಇಳಿದರೆ ಸಂಧಿವಾತ ಗುಣವಾದಂತೆಯೇ?

ಧಾರವಾಡ, ಹುಬ್ಬಳ್ಳಿ, ಗದಗದ ಫಾರ್ಮಸಿ ಕಾಲೇಜುಗಳಲ್ಲಿ ಓದಿದವರಿಗೆ ಪರಿಚಯವಿರುವ ಪ್ರಯೋಗವೊಂದಿದೆ. ಕೆಂಪು ಕಡಲಪಾಚಿಯಿಂದ ತೆಗೆದ ಕ್ಯಾರಜೀನನ್ ಎಂಬ ಅಂಟಿನ ಶೇ 1ರ ದ್ರಾವಣವನ್ನು ಬಿಳಿ ಇಲಿಯ ಹಿಂಗಾಲಿನ ಅಂಗಾಲಿಗೆ ಚುಚ್ಚುತ್ತಾರೆ, ಪ್ರಮಾಣ 0.1 ಮಿಲಿಲೀಟರ್. ಅದಕ್ಕೆ ಸ್ವಲ್ಪ ಮುಂಚೆ ಇಲಿಗೆ ಯಾವುದಾದರೂ ಗಿಡದ ಸಾರವನ್ನು ಕುಡಿಸಿರುತ್ತಾರೆ. ಪಾದ ಕೆಂಪೇರಿ ಊದುತ್ತದೆ. ಊದಿದ ಪಾದವನ್ನು ಅಳೆಯಲು ಪ್ಲೆಥಿಸ್ಮೋಮೀಟರ್ ಎಂಬ ಉಪಕರಣವಿದೆ. ಇಲಿಯನ್ನು ಬಿಗಿಯಾಗಿ, ಆದರೆ ಉಸಿರು ಕಟ್ಟದಂತೆ ಹಿಡಿದು, ಹಿಮ್ಮಡಿಯ ಮೇಲೆ ಶಾಯಿಯಿಂದ ಎಳೆದ ಗೆರೆಯವರೆಗೆ ಕಾಲನ್ನು ದ್ರವ ತುಂಬಿದ ನಳಿಕೆಯಲ್ಲಿ ಅದ್ದಬೇಕು. ದ್ರವ ಎಷ್ಟು ಮೇಲೇರಿತೋ ಅಷ್ಟು ಪಾದದ ಗಾತ್ರ. ಗೆರೆ ಒಂದಿಷ್ಟು ಆಚೀಚೆಯಾದರೂ ಅಳತೆ ಕೆಟ್ಟಿತು. ಇಲಿ ಕಾಲು ಕೊಡವಿದರಂತೂ ಮೊದಲಿನಿಂದ ಶುರು ಮಾಡಬೇಕು.

ಮೂರು ಗಂಟೆಯ ಹೊತ್ತಿಗೆ ಸಾರ ಕುಡಿದ ಇಲಿಯ ಪಾದ ಉಳಿದವುಗಳಿಗಿಂತ ಕಡಿಮೆ ಊದಿದ್ದರೆ ಸಂಶೋಧನಾ ಪ್ರಬಂಧದ ಕೊನೆಯಲ್ಲಿ ಒಂದು ವಾಕ್ಯ ಬರುತ್ತದೆ: ‘ಈ ಸಸ್ಯಕ್ಕೆ ಸಂಧಿವಾತ ನಿವಾರಕ ಗುಣವಿದೆ.’ ಆ ವಾಕ್ಯ ಅಲ್ಲಿಗೇ ನಿಲ್ಲುವುದಿಲ್ಲ. ಸುದ್ದಿಯಾಗಿ, ವಾಟ್ಸ್‌ಆ್ಯಪ್ ಸಂದೇಶವಾಗಿ, ಎಣ್ಣೆಯ ಬಾಟಲಿಗೆ ಅಂಟಿಸಿದ ಚೀಟಿಯಾಗಿ ಊರೂರು ಸುತ್ತಿ, ಕೊನೆಗೆ ಬೆರಳು ಸೊಟ್ಟಗಾಗುತ್ತಿರುವ ಯಾರದೋ ಮನೆ ತಲುಪುತ್ತದೆ. ಧಾರವಾಡದಲ್ಲಿ ಔಷಧಶಾಸ್ತ್ರ ಪಾಠ ಮಾಡುವ ನನಗೆ ಆ ಒಂದು ವಾಕ್ಯದ ಮೇಲೆ ತಕರಾರಿದೆ.

ಪ್ರಾಣಿಗಳ ಮೇಲಿನ ಪ್ರಯೋಗವೇ ಬೇಡ ಎಂಬುದು ನನ್ನ ವಾದವಲ್ಲ. ಕಳೆದ ಐವತ್ತು ವರ್ಷಗಳಲ್ಲಿ ಸಂಧಿವಾತದ ಚಿಕಿತ್ಸೆ ಕಂಡ ದೊಡ್ಡ ತಿರುವಿಗೆ ಇಲಿಗಳ ಋಣವಿದೆ. ಆದರೆ ಯಾವ ಇಲಿ, ಅದಕ್ಕೆ ತರಿಸಿದ್ದು ಯಾವ ರೋಗ, ಔಷಧ ಕೊಟ್ಟದ್ದು ರೋಗ ಬರುವ ಮೊದಲೋ ಆಮೇಲೋ ಎಂದು ಕೇಳದೆ ‘ಇಲಿಯಲ್ಲಿ ಗುಣವಾಯಿತು’ ಎಂಬ ಮಾತನ್ನು ನಂಬಬಾರದು. ಇಲಿಯೊಂದು ಒಂದು ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ನಾವು ಅದರ ಬಾಯಲ್ಲಿ ಹತ್ತು ಉತ್ತರ ಹೇಳಿಸುತ್ತಿದ್ದೇವೆ.

ಕ್ಯಾರಜೀನನ್ ಪ್ರಯೋಗವನ್ನೇ ನೋಡಿ. 1962ರಲ್ಲಿ ವಿಂಟರ್ ಮತ್ತು ಸಂಗಡಿಗರು ಇದನ್ನು ರೂಪಿಸಿದ್ದು ಆಸ್ಪಿರಿನ್ ಜಾತಿಯ ನೋವು–ಬಾವು ಮಾತ್ರೆಗಳನ್ನು ಹುಡುಕುವುದಕ್ಕೆ. ಚುಚ್ಚಿದ ಮೊದಲ ಗಂಟೆಯಲ್ಲಿ ದೇಹದ ರಾಸಾಯನಿಕಗಳಾದ ಹಿಸ್ಟಮಿನ್, ಸಿರೊಟೋನಿನ್, ಬ್ರಾಡಿಕೈನಿನ್‌ಗಳು ರಕ್ತನಾಳಗಳನ್ನು ಸಡಿಲಿಸುತ್ತವೆ. ಆಮೇಲೆ ಪ್ರೊಸ್ಟಗ್ಲಾಂಡಿನ್‌ಗಳ ಸರದಿ. ಹಾಗಾಗಿ ಪ್ರೊಸ್ಟಗ್ಲಾಂಡಿನ್ ತಡೆಯುವ ಇಂಡೊಮೆಥಸಿನ್ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಈ ಮಾದರಿ ತನ್ನ ಕೆಲಸದಲ್ಲಿ ಪ್ರಾಮಾಣಿಕವಾಗಿಯೇ ಇದೆ. ಆದರೆ ಇಲ್ಲಿ ರೋಗನಿರೋಧಕ ವ್ಯವಸ್ಥೆ ತನ್ನ ದೇಹದ ಮೇಲೆಯೇ ತಿರುಗಿಬಿದ್ದಿಲ್ಲ, ಮೃದ್ವಸ್ಥಿ ಸವೆದಿಲ್ಲ, ಎಲುಬು ಕರಗಿಲ್ಲ. ಒಂದೆರಡು ದಿನದಲ್ಲಿ ಏನೂ ಕೊಡದಿದ್ದರೂ ಇಳಿಯತೊಡಗುವ ಬಾವು ಅದು. ಅದನ್ನು ತಗ್ಗಿಸಿದ ಸಾರ ಒಂದು ದಿನದ ನೋವಿಗೆ ಉಪಯೋಗವಾದೀತು. ಸಂಧಿವಾತದ ಬಗ್ಗೆ ಅದರಿಂದ ನಾವು ತಿಳಿದದ್ದು ಬಹಳ ಕಡಿಮೆ.

ಮನುಷ್ಯರ ರುಮಟಾಯ್ಡ್ ಸಂಧಿವಾತ, ಅಂದರೆ ರೋಗನಿರೋಧಕ ವ್ಯವಸ್ಥೆ ತನ್ನದೇ ಕೀಲುಗಳ ಮೇಲೆ ತಿರುಗಿಬೀಳುವ ರೋಗ, ಬೇರೆಯದೇ ಕಥೆ. ನೂರು ಜನರಲ್ಲಿ ಸುಮಾರು ಒಬ್ಬರಿಗೆ ಅಥವಾ ಅದಕ್ಕಿಂತ ತುಸು ಕಡಿಮೆ ಜನರಿಗೆ ಬರುವ ಇದು ಗಂಡಸರಿಗಿಂತ ಹೆಂಗಸರಲ್ಲಿ ಎರಡು-ಮೂರು ಪಟ್ಟು ಹೆಚ್ಚು. ನಮ್ಮ ಕಡೆ ಇದು ಮೊದಲು ಗೊತ್ತಾಗುವುದು ಅಡುಗೆಮನೆಯಲ್ಲಿ. ಬೆಳಗ್ಗೆ ಎದ್ದು ಜೋಳದ ಹಿಟ್ಟು ನಾದಲು ಕುಳಿತರೆ ಮುಷ್ಟಿ ಬಿಗಿಯುವುದಿಲ್ಲ, ರೊಟ್ಟಿ ಬಡಿಯಲು ಅಂಗೈ ಅಗಲವಾಗುವುದಿಲ್ಲ. ಬಿಸಿಲೇರಿದ ಮೇಲೆ ಕೈ ಸ್ವಲ್ಪ ಸಡಿಲವಾಗುತ್ತದೆ. ‘ಯಾವ ಕೈ ನೋಯುತ್ತದೆ ಅವ್ವಾ?’ ಎಂದು ವೈದ್ಯರು ಕೇಳಿದರೆ ಎರಡನ್ನೂ ಮುಂದೆ ಚಾಚುತ್ತಾರೆ. ಬಾವು ಬೆರಳ ಬುಡದ ಗೆಣ್ಣುಗಳಲ್ಲಿ, ನಡುಗೆಣ್ಣುಗಳಲ್ಲಿ, ಮಣಿಕಟ್ಟಿನಲ್ಲಿ, ಎರಡೂ ಕಡೆ ಒಂದೇ ಸಮನಾಗಿ ಇರುತ್ತದೆ. ಒತ್ತಿದರೆ ಎಲುಬಿನಂತೆ ಗಟ್ಟಿಯಿರದೆ ಮೆತ್ತಗೆ ತಗ್ಗುತ್ತದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿಯವರಿಗೆ ಇದು ಬಂದರೆ ಹೋಗುವುದು ಬೆರಳು ಮಾತ್ರವಲ್ಲ, ದಿನದ ಸಂಪಾದನೆಯೂ ಹೌದು.

ಆ ಮೆತ್ತನೆಯ ಬಾವಿನೊಳಗೆ ನಡೆಯುತ್ತಿರುವುದು ಕೋಶಗಳ ನಡುವಿನ ಮಾತುಕತೆ. ಕೀಲಿನ ಒಳಗೋಡೆಯ ಪೊರೆ ಆರೋಗ್ಯವಾಗಿದ್ದಾಗ ಒಂದೆರಡು ಕೋಶಗಳಷ್ಟು ದಪ್ಪ ಮಾತ್ರ. ಅದರಲ್ಲಿ ಮ್ಯಾಕ್ರೊಫೇಜ್ ಎಂಬ ಕಾವಲು ಕೋಶಗಳೂ ಫೈಬ್ರೊಬ್ಲಾಸ್ಟ್ ಎಂಬ ನಾರುಕೋಶಗಳೂ ಇರುತ್ತವೆ. ಕಾವಲು ಕೋಶಗಳು ಬರೀ ಕದನಕ್ಕೆ ಇರುವವು ಎಂಬುದು ಹಳೆಯ ತಿಳಿವಳಿಕೆ. 2019ರಲ್ಲಿ ಜರ್ಮನಿಯ ಎರ್ಲಾಂಗನ್‌ನ ತಂಡ ಚಿಕ್ಕ ಇಲಿಗಳ (ಇಂಗ್ಲಿಷಿನ ಮೌಸ್) ಕೀಲಿನಲ್ಲಿ ತೋರಿಸಿದಂತೆ, ಪೊರೆಯ ಅಂಚಿನ ಕೆಲವು ಮ್ಯಾಕ್ರೊಫೇಜ್‌ಗಳು ಒಂದಕ್ಕೊಂದು ಬಿಗಿದುಕೊಂಡು ಕೀಲನ್ನು ಕಾಪಾಡುವ ತಡೆಗೋಡೆಯನ್ನೇ ಕಟ್ಟಿರುತ್ತವೆ. ಉರಿಯೂತ ಶುರುವಾದಾಗ ಆ ಗೋಡೆ ಒಡೆಯುತ್ತದೆ.

ಒಡೆದ ಮೇಲೆ ರಕ್ತದಿಂದ ಹೊಸ ಕೋಶಗಳು ನುಗ್ಗಿ ಟಿಎನ್‌ಎಫ್, ಐಎಲ್-1, ಐಎಲ್-6 ಎಂಬ ಸಂದೇಶ ಪ್ರೋಟೀನುಗಳನ್ನು ಸುರಿಸುತ್ತವೆ. ಇವುಗಳಿಗೆ ಸೈಟೊಕೈನ್ ಎಂಬ ಹೆಸರು. ಸೈಟೊಕೈನ್ ಒಂದು ಕೋಶದ ಹೊರಮೈಯ ಗ್ರಾಹಕಕ್ಕೆ ಅಂಟಿಕೊಂಡಾಗ ಸುದ್ದಿ ಒಳಗೆ ಸಾಗಬೇಕು. ಟಿಎನ್‌ಎಫ್ ಮತ್ತು ಐಎಲ್-1ರ ಸುದ್ದಿ ಬಹುಪಾಲು ಎನ್‌ಎಫ್-ಕಪ್ಪಾಬಿ ಎಂಬ ಪ್ರೋಟೀನಿನ ಮೂಲಕ ಸಾಗುತ್ತದೆ. ಸುಮ್ಮನಿದ್ದಾಗ ಅದನ್ನು ಇನ್ನೊಂದು ಪ್ರೋಟೀನು ಕೋಶದ್ರವದಲ್ಲಿ ಹಿಡಿದಿಟ್ಟಿರುತ್ತದೆ. ಸಂದೇಶ ಬಂದೊಡನೆ ಆ ಹಿಡಿತ ನಾಶವಾಗಿ ಎನ್‌ಎಫ್-ಕಪ್ಪಾಬಿ ಕೋಶಕೇಂದ್ರ ಹೊಕ್ಕು ಉರಿಯೂತದ ವಂಶವಾಹಿಗಳನ್ನು ಚಾಲೂ ಮಾಡುತ್ತದೆ. ಐಎಲ್-6ರ ಸುದ್ದಿಗೆ ಬೇರೆ ದಾರಿ: ಗ್ರಾಹಕದ ಒಳತುದಿಯಲ್ಲಿ ಕಾದಿರುವ ಜಾಕ್ ಕಿಣ್ವಗಳು ಸ್ಟ್ಯಾಟ್ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸುತ್ತವೆ, ಅವು ಜೋಡಿಯಾಗಿ ಕೋಶಕೇಂದ್ರಕ್ಕೆ ಹೋಗುತ್ತವೆ. ಎರಡೂ ದಾರಿಗಳ ಕೊನೆಯಲ್ಲಿ ಮತ್ತಷ್ಟು ಸೈಟೊಕೈನ್ ತಯಾರಾಗುತ್ತದೆ. ಬೆಂಕಿ ತಾನೇ ತನಗೆ ಉರುವಲು ಹುಟ್ಟಿಸಿಕೊಳ್ಳುತ್ತದೆ.

ಎಲುಬನ್ನು ಕರಗಿಸುವುದು ಈ ಗದ್ದಲದ ಇನ್ನೊಂದು ಕವಲು. ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳೂ ನಾರುಕೋಶಗಳೂ ಹೊರಡಿಸುವ ರ‍್ಯಾಂಕ್‌ಎಲ್ ಎಂಬ ಸಂದೇಶ ಎಲುಬು ತಿನ್ನುವ ಆಸ್ಟಿಯೊಕ್ಲಾಸ್ಟ್ ಕೋಶಗಳನ್ನು ಹುಟ್ಟಿಸುತ್ತದೆ. ಬಾವಿನ ಕವಲನ್ನೂ ಸವೆತದ ಕವಲನ್ನೂ ಬೇರೆ ಬೇರೆಯಾಗಿ ನೋಡಬೇಕು ಎಂಬುದನ್ನು ಇಲಿಗಳೇ ಕಲಿಸಿದವು. ಬ್ರಿಟನ್ನಿನ ತಂಡವೊಂದು 2019ರಲ್ಲಿ ಕಂಡುಕೊಂಡಂತೆ, ಚಿಕ್ಕ ಇಲಿಯ ಕೀಲಿನಲ್ಲಿ ನಾರುಕೋಶಗಳ ಒಂದು ಗುಂಪು ಉರಿಯೂತವನ್ನು ಹೆಚ್ಚಿಸುತ್ತದೆ, ಇನ್ನೊಂದು ಗುಂಪು ಎಲುಬು-ಮೃದ್ವಸ್ಥಿಗಳನ್ನು ಹಾಳುಮಾಡುತ್ತದೆ. ಬಾವನ್ನು ಮಾತ್ರ ಅಳೆಯುವ ನಳಿಕೆಗೆ ಈ ಎರಡನೆಯ ಗುಂಪು ಕಾಣುವುದೇ ಇಲ್ಲ. ನೋವಿನ ಮಾತ್ರೆ ನುಂಗಿ ವರ್ಷಗಟ್ಟಲೆ ದಿನ ದೂಡಿದವರ ಎಕ್ಸ್‌ರೇ ತೆಗೆದಾಗ ಕೀಲು ಸವೆದಿರುವುದಕ್ಕೆ ಕಾರಣವೂ ಇದೇ.

ಈ ರೋಗವನ್ನು ಪ್ರಾಣಿಗಳಲ್ಲಿ ತರಿಸುವುದಕ್ಕೆ ಹಲವು ದಾರಿಗಳಿವೆ. 1956ರಲ್ಲಿ ಅಮೆರಿಕದ ಕಾರ್ಲ್ ಪಿಯರ್ಸನ್ ದೊಡ್ಡ ಬಿಳಿ ಇಲಿಗಳಿಗೆ ಫ್ರಾಯಿಂಡ್ ಸಹಾಯಕ ಎಂಬ ಎಣ್ಣೆಮಿಶ್ರಣವನ್ನು ಚುಚ್ಚಿದಾಗ ಎರಡು ವಾರದೊಳಗೆ ಅವುಗಳ ಕೀಲು ಊದಿಕೊಂಡವು. ಆ ಎಣ್ಣೆಯಲ್ಲಿದ್ದದ್ದು ಬಿಸಿಯಿಂದ ಸಾಯಿಸಿದ ಕ್ಷಯದ ಬ್ಯಾಕ್ಟೀರಿಯಾ. ನಮ್ಮ ಕಾಲೇಜುಗಳಲ್ಲಿ ಕ್ಯಾರಜೀನನ್ ಬಿಟ್ಟರೆ ಹೆಚ್ಚು ಬಳಕೆಯಲ್ಲಿರುವುದು ಇದೇ. 1977ರಲ್ಲಿ ಟ್ರೆಂಥಮ್ ಮತ್ತು ಸಂಗಡಿಗರು ಮೃದ್ವಸ್ಥಿಯ ಎರಡನೆಯ ಬಗೆಯ ಕೊಲಾಜೆನ್ ಎಂಬ ನಾರಿನ ಪ್ರೋಟೀನು ಚುಚ್ಚಿ ರೋಗ ತರಿಸಿದರು. 1980ರಲ್ಲಿ ಅದೇ ವಿಧಾನ ಚಿಕ್ಕ ಇಲಿಗಳಿಗೂ ಬಂತು. ಡಿಬಿಎ/1 ಎಂಬ ತಳಿಗೆ ಮೊದಲ ಚುಚ್ಚು, 21ನೆಯ ದಿನ ಇನ್ನೊಂದು, ಆಮೇಲೆ ಪಾದಗಳಲ್ಲಿ ಬಾವು. ಇಲ್ಲಿ ಟಿ ಕೋಶ, ಬಿ ಕೋಶ, ಗುರಿಗೆ ಅಂಟಿಕೊಳ್ಳುವ ಪ್ರತಿಕಾಯ ಪ್ರೋಟೀನು ಎಲ್ಲವೂ ಪಾಲ್ಗೊಳ್ಳುತ್ತವೆ, ಎಲುಬು ನಿಜವಾಗಿ ಸವೆಯುತ್ತದೆ. ಮನುಷ್ಯರ ರೋಗಕ್ಕೆ ಇದು ಹೆಚ್ಚು ಹತ್ತಿರ.

ಹತ್ತಿರ ಎಂದರೆ ಅದೇ ಎಂದಲ್ಲ. ಡಿಬಿಎ/1 ತಳಿಯಲ್ಲಿ ಸಂಶೋಧಕರು ಹೆಚ್ಚಾಗಿ ಗಂಡು ಇಲಿಗಳನ್ನು ಬಳಸುತ್ತಾರೆ, ಏಕೆಂದರೆ ಅವುಗಳಲ್ಲಿ ರೋಗ ಹೆಚ್ಚು ಖಚಿತವಾಗಿ ಬರುತ್ತದೆ. ಆಸ್ಪತ್ರೆಯ ಸಾಲಿನಲ್ಲಿ ನಿಂತವರಲ್ಲಿ ಹೆಚ್ಚಿನವರು ನಡುವಯಸ್ಸಿನ ಹೆಂಗಸರು. ಎಳೆಯ ಗಂಡು ಇಲಿಯ ಆರು ವಾರದ ಕಾಯಿಲೆಯಿಂದ ನಲವತ್ತೈದರ ಹೆಂಗಸಿನ ಹತ್ತು ವರ್ಷದ ಕಾಯಿಲೆಯನ್ನು ಓದುತ್ತಿದ್ದೇವೆ ಎಂಬುದನ್ನು ಪ್ರಬಂಧದ ಮೊದಲ ಪುಟದಲ್ಲೇ ಬರೆಯಬೇಕು.

ರೋಗ ಹುಟ್ಟುವ ಬಗೆಯನ್ನು ತೋರಿಸಿದ ಇಲಿಗಳ ಬಗ್ಗೆ ನನಗೆ ವಿಶೇಷ ಗೌರವ. 2025ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಪಡೆದ ಮೂವರಲ್ಲಿ ಜಪಾನಿನ ಶಿಮೋನ್ ಸಕಾಗುಚಿ ಒಬ್ಬರು. ದೇಹದ ಮೇಲೆ ತಿರುಗಿಬೀಳುವ ಕೋಶಗಳನ್ನು ಹದ್ದುಬಸ್ತಿನಲ್ಲಿಡುವ ನಿಯಂತ್ರಕ ಟಿ ಕೋಶಗಳನ್ನು 1995ರಲ್ಲಿ ಗುರುತಿಸಿದ್ದಕ್ಕೆ ಅವರಿಗೆ ಆ ಗೌರವ ಸಂದಿತು. ಅವರದೇ ತಂಡ 2003ರಲ್ಲಿ ಎಸ್‌ಕೆಜಿ ಎಂಬ ಇಲಿ ತಳಿಯನ್ನು ವಿವರಿಸಿತು. ಅದರ ಜ್ಯಾಪ್-70 ಎಂಬ ಪ್ರೋಟೀನಿನಲ್ಲಿ ಒಂದೇ ಒಂದು ಬದಲಾವಣೆಯಿದೆ. ಟಿ ಕೋಶ ತನ್ನ ಗ್ರಾಹಕದಿಂದ ಸಂದೇಶ ಒಳಗೊಯ್ಯಲು ಬಳಸುವ ಪ್ರೋಟೀನು ಅದು. ಸಂದೇಶ ದುರ್ಬಲವಾದ್ದರಿಂದ, ಥೈಮಸ್ ಗ್ರಂಥಿಯಲ್ಲಿ ಅಳಿಯಬೇಕಿದ್ದ ಅಪಾಯಕಾರಿ ಟಿ ಕೋಶಗಳು ಉಳಿದು ಹೊರಬರುತ್ತವೆ.

ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಇನ್ನೊಂದು ಸಂಗತಿ. ರೋಗಾಣುಗಳಿಲ್ಲದ ಶುದ್ಧ ಪಂಜರದಲ್ಲಿ ಸಾಕಿದರೆ ಎಸ್‌ಕೆಜಿ ಇಲಿಗೆ ಸಂಧಿವಾತ ಬರುವುದಿಲ್ಲ. ಸಾಮಾನ್ಯ ಪಂಜರಕ್ಕೆ ತಂದರೆ ಬರುತ್ತದೆ. ಶಿಲೀಂಧ್ರದ ಗೋಡೆಯಲ್ಲಿರುವ ಬೀಟಾ-ಗ್ಲೂಕನ್ ಚುಚ್ಚಿದರೂ ಬರುತ್ತದೆ. ಕೆ/ಬಿಎಕ್ಸ್‌ಎನ್ ಎಂಬ ಇನ್ನೊಂದು ತಳಿಯಲ್ಲಿ ಕರುಳಿನ ಒಂದು ಬಗೆಯ ಬ್ಯಾಕ್ಟೀರಿಯಾ ರೋಗವನ್ನು ಕೆರಳಿಸುತ್ತದೆ ಎಂದು 2010ರಲ್ಲಿ ಗೊತ್ತಾಯಿತು. ವಂಶವಾಹಿಯಲ್ಲಿ ದೋಷವಿದ್ದೂ ರೋಗ ಬಾರದಿರಬಹುದು ಎಂದಾದರೆ ‘ತಾಯಿಗಿತ್ತು, ನನಗೂ ಬರಲೇಬೇಕು’ ಎಂದು ಹಣೆಬರಹಕ್ಕೆ ಬಿಟ್ಟುಬಿಡುವ ಮಾತಿಗೆ ಬಲವಿಲ್ಲ. ಮನುಷ್ಯರಲ್ಲಿ ಧೂಮಪಾನ ಈ ರೋಗದ ಅಪಾಯವನ್ನು ಹೆಚ್ಚಿಸುತ್ತದೆ ಎಂಬುದಂತೂ ಖಚಿತವಾಗಿದೆ.

ಇನ್ನು ಟಿಎನ್‌ಎಫ್‌ನ ಕಥೆ. ಇದನ್ನು ನಿಧಾನವಾಗಿ ಹೇಳಬೇಕು, ಏಕೆಂದರೆ ಪ್ರಾಣಿ ಮಾದರಿ ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಕಥೆ ಶುರುವಾದದ್ದು ಇಲಿಯಿಂದಲ್ಲ, ರೋಗಿಗಳ ಕೀಲಿನಿಂದ. ಲಂಡನ್ನಿನಲ್ಲಿ ಮಾರ್ಕ್ ಫೆಲ್ಡ್‌ಮನ್, ರವೀಂದರ್ ಮೈನಿ, ಫಿಯೊನುಲಾ ಬ್ರೆನನ್ ಮತ್ತು ಸಂಗಡಿಗರು ಸಂಧಿವಾತವಿದ್ದವರ ಕೀಲುಪೊರೆಯ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿದರು. 1989ರಲ್ಲಿ ಅವರು ಪ್ರಕಟಿಸಿದಂತೆ, ಆ ಕೋಶಗಳಲ್ಲಿ ಟಿಎನ್‌ಎಫ್ ಒಂದನ್ನು ಪ್ರತಿಕಾಯದಿಂದ ತಡೆದರೆ ಐಎಲ್-1ರ ತಯಾರಿಯೂ ಕುಸಿಯುತ್ತಿತ್ತು. ಅಂದರೆ ಹತ್ತಾರು ಸಂದೇಶಗಳ ಗದ್ದಲದಲ್ಲಿ ಟಿಎನ್‌ಎಫ್‌ಗೆ ಮೇಲಿನ ಸ್ಥಾನವಿದೆ ಎಂಬ ಸುಳಿವು ಸಿಕ್ಕಿತು.

ಆಗ ಇಲಿಯ ಸರದಿ ಬಂತು. 1991ರಲ್ಲಿ ಗ್ರೀಸಿನ ಜಾರ್ಜ್ ಕೊಲ್ಲಿಯಾಸ್ ಅವರ ತಂಡ ಮನುಷ್ಯರ ಟಿಎನ್‌ಎಫ್ ವಂಶವಾಹಿಯನ್ನು ಚಿಕ್ಕ ಇಲಿಗೆ ಸೇರಿಸಿತು. ಅದು ಅತಿಯಾಗಿ ತಯಾರಾದಾಗ, ಬೇರೆ ಏನೂ ಚುಚ್ಚದೆಯೇ ಇಲಿಗೆ ಕೀಲಿನ ರೋಗ ಬಂತು, ಟಿಎನ್‌ಎಫ್ ತಡೆದಾಗ ಬರಲಿಲ್ಲ. 1992ರಲ್ಲಿ ಲಂಡನ್ ತಂಡ ಕೊಲಾಜೆನ್ ಮಾದರಿಯ ಇಲಿಗಳಿಗೆ ಟಿಎನ್‌ಎಫ್ ವಿರೋಧಿ ಪ್ರತಿಕಾಯ ಕೊಟ್ಟಿತು. ರೋಗ ಬರುವ ಮೊದಲು ಕೊಟ್ಟದ್ದರ ಜೊತೆಗೆ ರೋಗ ಬಂದ ಮೇಲೂ ಕೊಟ್ಟು ನೋಡಿತು, ಆಗಲೂ ಅದು ತಗ್ಗಿತು. ಅದೇ ವರ್ಷ ಚಾರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ 20 ರೋಗಿಗಳ ಮೊದಲ ಪರೀಕ್ಷೆ ಆರಂಭವಾಯಿತು. ಮುಂದೆ ಟಿಎನ್‌ಎಫ್ ತಡೆಯುವ ಚುಚ್ಚುಮದ್ದುಗಳಾದ ಇನ್‌ಫ್ಲಿಕ್ಸಿಮ್ಯಾಬ್, ಎಟನರ್ಸೆಪ್ಟ್, ಅಡಾಲಿಮ್ಯಾಬ್‌ಗಳು ಬಂದವು. ಅಡಾಲಿಮ್ಯಾಬ್‌ನ ಕಡಿಮೆ ಬೆಲೆಯ ಪ್ರತಿರೂಪ ಜಗತ್ತಿನಲ್ಲೇ ಮೊದಲು ಮಾರುಕಟ್ಟೆಗೆ ಬಂದದ್ದು ನಮ್ಮ ದೇಶದಲ್ಲಿ, 2014ರ ಡಿಸೆಂಬರ್‌ನಲ್ಲಿ. ರೋಗಿಗಳ ಕೀಲು ಕೇಳಿದ ಪ್ರಶ್ನೆಗೆ ಎರಡು ಬಗೆಯ ಇಲಿಗಳು ಒಂದೇ ಉತ್ತರ ಕೊಟ್ಟವು. ಆ ಉತ್ತರವನ್ನು ಮತ್ತೆ ರೋಗಿಗಳಲ್ಲಿ ಪರೀಕ್ಷಿಸಲಾಯಿತು.

ಇಲಿ ಎಚ್ಚರಿಕೆಯನ್ನೂ ಕೊಟ್ಟಿತ್ತು. ಟಿಎನ್‌ಎಫ್ ಸಂದೇಶವಿಲ್ಲದ ಇಲಿಗಳು ಕ್ಷಯದ ಸೋಂಕನ್ನು ತಡೆದುಕೊಳ್ಳಲಾರವು ಎಂದು 1995ರಲ್ಲೇ ಗೊತ್ತಾಗಿತ್ತು. ಶ್ವಾಸಕೋಶದಲ್ಲಿ ಕ್ಷಯದ ಬ್ಯಾಕ್ಟೀರಿಯಾವನ್ನು ಸುತ್ತುಗಟ್ಟಿ ಬಂಧಿಸುವ ಕೋಶಗಳ ಗಂಟನ್ನು ಹಿಡಿದಿಡುವುದು ಟಿಎನ್‌ಎಫ್. ಔಷಧ ಮಾರುಕಟ್ಟೆಗೆ ಬಂದ ಮೇಲೆ, 2001ರಲ್ಲಿ, ಅದನ್ನು ಪಡೆದವರಲ್ಲಿ ಸುಪ್ತ ಕ್ಷಯ ಎದ್ದು ಕುಳಿತ ವರದಿಗಳು ಪ್ರಕಟವಾದವು. ಕ್ಷಯ ಇಷ್ಟು ವ್ಯಾಪಕವಾಗಿರುವ ನಮ್ಮ ದೇಶದಲ್ಲಿ ಈ ಚುಚ್ಚುಮದ್ದಿಗೆ ಮೊದಲು ಎದೆಯ ಎಕ್ಸ್‌ರೇ ಮತ್ತು ಸುಪ್ತ ಕ್ಷಯದ ಪರೀಕ್ಷೆ ಮಾಡಿಸುವುದಕ್ಕೆ ಕಾರಣ ಇದು. ‘ಕೀಲು ನೋವಿಗೆ ಎದೆಯ ಫೋಟೊ ಏಕೆ?’ ಎಂದು ಬೇಸರ ಪಡುವವರಿಗೆ ಈ ಕಥೆಯನ್ನು ಹೇಳಬೇಕು.

ಈಗ ಸೋಲುಗಳ ಪಟ್ಟಿ. ಪಿ38 ಎಂಬ ಕಿಣ್ವ ಉರಿಯೂತದ ಸಂದೇಶವನ್ನು ಕೋಶದೊಳಗೆ ಸಾಗಿಸುವ ಪ್ರಮುಖ ಕೊಂಡಿ. ಅದನ್ನು ತಡೆಯುವ ಮಾತ್ರೆಗಳು ಇಲಿಗಳ ಸಂಧಿವಾತವನ್ನು ಚೆನ್ನಾಗಿ ತಗ್ಗಿಸಿದವು. ಎರಡು ಸಾವಿರದ ದಶಕದ ಕೊನೆಯಲ್ಲಿ ರೋಗಿಗಳಿಗೆ ಕೊಟ್ಟಾಗ ಉರಿಯೂತದ ಸೂಚಕವಾದ ಸಿಆರ್‌ಪಿ ಮೊದಲು ಇಳಿಯಿತು, ಕೆಲವೇ ವಾರಗಳಲ್ಲಿ ಮತ್ತೆ ಏರಿತು. ಒಂದರ ಹಿಂದೆ ಒಂದು ಮಾತ್ರೆ ಬಿದ್ದುಹೋಯಿತು. ಮಲಪ್ರಭಾ ಕಾಲುವೆಯ ನೀರು ನಿಲ್ಲಿಸಲು ನವಿಲುತೀರ್ಥ ಅಣೆಕಟ್ಟಿನಲ್ಲಿ ಗೇಟು ಇಳಿಸುವುದಕ್ಕೂ ನವಲಗುಂದದ ಯಾವುದೋ ಹೊಲದ ತೂಬು ಮುಚ್ಚುವುದಕ್ಕೂ ಅಂತರವಿದೆ. ತೂಬು ಮುಚ್ಚಿದರೆ ನೀರು ಪಕ್ಕದ ಹೊಲದ ದಾರಿ ಹಿಡಿಯುತ್ತದೆ. ಪಿ38 ಅಂಥ ತೂಬು. ಅಷ್ಟೇ ಅಲ್ಲ, ಅದು ತನಗಿಂತ ಮೇಲಿನ ಟ್ಯಾಕ್-1 ಎಂಬ ಕಿಣ್ವಕ್ಕೆ ಲಗಾಮನ್ನೂ ಹಾಕುತ್ತಿರುತ್ತದೆ. ಪಿ38 ನಿಂತರೆ ಆ ಲಗಾಮು ಬಿಚ್ಚಿ, ಸಂದೇಶ ಬೇರೆ ಕವಲುಗಳಲ್ಲಿ ಹರಿಯುತ್ತದೆ.

ಸಿಕ್ ಎಂಬ ಕಿಣ್ವವನ್ನು ತಡೆಯುವ ಫಾಸ್ಟಮಾಟಿನಿಬ್ ಕೂಡ ಇಲಿಗಳಲ್ಲಿ ಗೆದ್ದು, 2013ರ ದೊಡ್ಡ ಪರೀಕ್ಷೆಗಳಲ್ಲಿ ನಿರೀಕ್ಷೆ ಮುಟ್ಟದೆ ಸಂಧಿವಾತದಿಂದ ಹಿಂದೆ ಸರಿಯಿತು. ಆಮೇಲೆ ಪ್ಲೇಟ್‌ಲೆಟ್ ಕುಸಿಯುವ ಒಂದು ರೋಗಕ್ಕೆ ಅದಕ್ಕೆ ಮಂಜೂರಾತಿ ಸಿಕ್ಕಿತು. ಐಎಲ್-1 ಹಲವು ಇಲಿ ಮಾದರಿಗಳಲ್ಲಿ ಸರ್ವಾಧಿಕಾರಿ, ಆದರೆ ಅದನ್ನು ತಡೆಯುವ ಅನಾಕಿನ್ರಾ ರುಮಟಾಯ್ಡ್ ರೋಗಿಗಳಲ್ಲಿ ತಂದ ಲಾಭ ಸಾಧಾರಣ. ಐಎಲ್-17 ಎಂಬ ಇನ್ನೊಂದು ಸೈಟೊಕೈನ್‌ನ ಪಾಡೂ ಹಾಗೆಯೇ. ಕೊಲಾಜೆನ್ ಮಾದರಿಯಲ್ಲಿ ಅದರ ಪಾತ್ರ ದೊಡ್ಡದು. ಅದನ್ನು ತಡೆಯುವ ಔಷಧ ಮನುಷ್ಯರಲ್ಲಿ ನಿಜವಾಗಿ ಮಿಂಚಿದ್ದು ಸೋರಿಯಾಸಿಸ್‌ನಲ್ಲಿ, ಅದಕ್ಕೆ ಸಂಬಂಧಿಸಿದ ಕೀಲುರೋಗದಲ್ಲಿ ಮತ್ತು ಬೆನ್ನುಮೂಳೆಯನ್ನು ಬಿಗಿಸುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್‌ನಲ್ಲಿ. ಇದನ್ನು ಇಲಿ ಸುಳ್ಳು ಹೇಳಿತು ಎಂದು ಓದಬಾರದು. ಅದು ಬೇರೊಂದು ರೋಗದ ಸತ್ಯ ಹೇಳುತ್ತಿತ್ತು, ನಮಗೆ ತಿಳಿಯಲಿಲ್ಲ ಎಂದು ಓದಬೇಕು.

ಜಾಕ್ ತಡೆಯುವ ಮಾತ್ರೆಗಳು ಈ ಗೆಲುವು–ಸೋಲುಗಳ ನಡುವೆ ನಿಲ್ಲುತ್ತವೆ. 2012ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಮಂಜೂರಾದ ಟೊಫಾಸಿಟಿನಿಬ್ ಇಲಿಯಲ್ಲೂ ಮನುಷ್ಯರಲ್ಲೂ ಕೆಲಸ ಮಾಡಿತು. ಈಗ ಭಾರತದಲ್ಲೂ ಹಲವು ಕಂಪನಿಗಳ ಮಾತ್ರೆ ಸಿಗುತ್ತದೆ. ಆದರೆ 50 ವರ್ಷ ದಾಟಿದ, ಹೃದ್ರೋಗದ ಅಪಾಯವಿದ್ದ 4,362 ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿದ ಪರೀಕ್ಷೆಯಲ್ಲಿ, ಟಿಎನ್‌ಎಫ್ ತಡೆಯುವ ಔಷಧಗಳಿಗೆ ಹೋಲಿಸಿದರೆ ಹೃದಯಾಘಾತದಂಥ ತೊಂದರೆಗಳೂ ಕ್ಯಾನ್ಸರ್‌ಗಳೂ ಹೆಚ್ಚು ಕಂಡವು. 2021ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಕರು ಕಟ್ಟುನಿಟ್ಟಿನ ಎಚ್ಚರಿಕೆ ಹೊರಡಿಸಿದರು. ಆರು ವಾರದ ಪ್ರಯೋಗದ ಎಳೆಯ ಇಲಿಗೆ ಸಿಗರೇಟು ಇಲ್ಲ, ರಕ್ತದೊತ್ತಡ ಇಲ್ಲ, ಮುಪ್ಪೂ ಇಲ್ಲ. ಅದು ಈ ಅಪಾಯವನ್ನು ತೋರಿಸುವಂತೆಯೇ ಇರಲಿಲ್ಲ. ಅಂಗಡಿಯಿಂದ ನೇರವಾಗಿ ಕೊಂಡು ನುಂಗುವ ಮಾತ್ರೆ ಇದಲ್ಲ.

ನಮ್ಮ ಭಾಗದವರಿಗೆ ಕೀಲುಬಾವಿನ ಇನ್ನೊಂದು ನೆನಪೂ ಇದೆ. 2006ರ ಚಿಕೂನ್‌ಗುನ್ಯಾದಲ್ಲಿ ದೇಶದಲ್ಲಿ ವರದಿಯಾದ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳಲ್ಲಿ 7.5 ಲಕ್ಷಕ್ಕೂ ಹೆಚ್ಚು ಕರ್ನಾಟಕದವು. ಊರಿಗೆ ಊರೇ ಗೋಡೆ ಹಿಡಿದು ನಡೆದ ಕಾಲ ಅದು. ಜ್ವರ ನಾಲ್ಕಾರು ದಿನದಲ್ಲಿ ಬಿಟ್ಟರೂ ಕೆಲವರಿಗೆ ಕೀಲು ನೋವು ತಿಂಗಳುಗಟ್ಟಲೆ ಉಳಿಯಿತು. ಇಲಿಯ ಪಾದಕ್ಕೆ ಈ ವೈರಸ್ ಚುಚ್ಚುವ ಮಾದರಿ 2010ರಲ್ಲಿ ಬಂತು. 2013ರಲ್ಲಿ ಸಿಂಗಪುರದ ತಂಡ ಅದರಲ್ಲಿ ಕಂಡದ್ದು ಇದು: ಸಿಡಿ4 ಎಂಬ ಬಗೆಯ ಟಿ ಕೋಶಗಳಿಲ್ಲದ ಇಲಿಯಲ್ಲಿ ಪಾದದ ಬಾವು ಬಹಳ ಕಡಿಮೆ, ಆದರೆ ವೈರಸ್ ಪ್ರಮಾಣದಲ್ಲಿ ಅಂಥ ವ್ಯತ್ಯಾಸವಿಲ್ಲ. ಬಾವನ್ನು ತರುವುದರಲ್ಲಿ ವೈರಸ್ಸಿಗಿಂತ ಅದಕ್ಕೆ ನಮ್ಮ ದೇಹ ಕೊಡುವ ಪ್ರತಿಕ್ರಿಯೆಯ ಪಾಲು ದೊಡ್ಡದು ಎಂದಾಯಿತು. ಒಂದು ಪ್ರಶ್ನೆ, ಒಂದು ಮಾದರಿ, ಒಂದು ಉತ್ತರ. ಇಲಿಯನ್ನು ಹೀಗೆ ಬಳಸಿದರೆ ಅದರ ಜೀವಕ್ಕೂ ಬೆಲೆ ಬಂದಂತೆ.

ಅರಿಶಿನದ ಮಾತು ಬಾರದೆ ಈ ಚರ್ಚೆ ಮುಗಿಯುವುದಿಲ್ಲ. ಅದರಲ್ಲಿರುವ ಕರ್ಕ್ಯುಮಿನ್ ತಟ್ಟೆಯ ಕೋಶಗಳಲ್ಲಿ ಎನ್‌ಎಫ್-ಕಪ್ಪಾಬಿಯನ್ನು ತಡೆಯುತ್ತದೆ, ಇಲಿಯ ಬಾವನ್ನೂ ಇಳಿಸುತ್ತದೆ. ಆದರೆ ನಾವು ತಿಂದ ಕರ್ಕ್ಯುಮಿನ್‌ನಲ್ಲಿ ರಕ್ತಕ್ಕೆ ಸೇರುವುದು ಅತ್ಯಲ್ಪ. ಕರುಳು ಮತ್ತು ಯಕೃತ್ತು ಅದನ್ನು ಬೇಗನೆ ಬದಲಿಸಿ ಹೊರಹಾಕುತ್ತವೆ. ಸಾರಿನಲ್ಲಿ ಅರಿಶಿನ ಇರಲಿ, ವೈದ್ಯರು ಬರೆದುಕೊಟ್ಟ ಮೆಥೊಟ್ರೆಕ್ಸೇಟ್ ಮಾತ್ರೆ ಬಿಟ್ಟು ಅರಿಶಿನ ಹಿಡಿಯುವುದು ಬೇಡ.

ಇದಕ್ಕಿಂತ ಕೆಟ್ಟದ್ದು ಹೆಸರಿಲ್ಲದ ಪುಡಿಗಳ ಹಾವಳಿ. ಎರಡು ದಿನದಲ್ಲಿ ಬಾವು ಇಳಿಸುವ ‘ಗಿಡಮೂಲಿಕೆ’ಯೊಳಗೆ ಸ್ಟಿರಾಯ್ಡ್ ಬೆರೆಸಿರುವುದು ಮತ್ತೆ ಮತ್ತೆ ಪತ್ತೆಯಾಗಿದೆ. ಸ್ಟಿರಾಯ್ಡ್ ಕ್ಯಾರಜೀನನ್ ಪಾದದ ಬಾವನ್ನೂ ಇಳಿಸುತ್ತದೆ, ಕೊಲಾಜೆನ್ ಇಲಿಯ ಬಾವನ್ನೂ ಇಳಿಸುತ್ತದೆ, ಮನುಷ್ಯರನ್ನೂ ಎಬ್ಬಿಸಿ ನಡೆಸುತ್ತದೆ. 1948ರಲ್ಲಿ ಅಮೆರಿಕದ ವೈದ್ಯ ಫಿಲಿಪ್ ಹೆಂಚ್ ಕಾರ್ಟಿಸೋನ್ ಎಂಬ ಸ್ಟಿರಾಯ್ಡ್ ಕೊಟ್ಟಾಗ ಹಾಸಿಗೆ ಹಿಡಿದವರು ನಡೆದಾಡಿದರು, 1950ರಲ್ಲಿ ನೊಬೆಲ್ ಬಂತು, ಆಮೇಲೆ ಸಕ್ಕರೆ ಕಾಯಿಲೆ, ಎಲುಬಿನ ಟೊಳ್ಳು, ಸೋಂಕುಗಳೂ ಬಂದವು. ವೈದ್ಯರ ನಿಗಾದಲ್ಲಿ ಕೆಲ ಕಾಲ ಬಳಸಿದರೆ ಅದು ಔಷಧ. ಪುಡಿಯ ಪೊಟ್ಟಣದಲ್ಲಿ ಬಚ್ಚಿಟ್ಟು ವರ್ಷಗಟ್ಟಲೆ ತಿನ್ನಿಸಿದರೆ ವಿಷ.

ಮೆಥೊಟ್ರೆಕ್ಸೇಟ್ ಎಂದೆ. ಇಂದು ಹೆಚ್ಚಿನವರಿಗೆ ಮೊದಲು ಕೊಡುವ ಈ ಮಾತ್ರೆ ಯಾವ ಸಂಧಿವಾತ ಇಲಿಯಿಂದಲೂ ಹುಟ್ಟಿದ್ದಲ್ಲ. ಭಾರತದ ಯಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯ ತಯಾರಿಸಿದ, ಇದೂ ಸೇರಿದ ಫೋಲೇಟ್ (ಒಂದು ಬಿ ವಿಟಮಿನ್) ವಿರೋಧಿಗಳು ಬಂದದ್ದು ರಕ್ತದ ಕ್ಯಾನ್ಸರ್‌ಗಾಗಿ. 1951ರಲ್ಲಿ ಅಮೆರಿಕದ ವೈದ್ಯ ಗಬ್ನರ್ ಆ ಜಾತಿಯ ಅಮಿನೋಪ್ಟೆರಿನ್ ಅನ್ನು ನೇರವಾಗಿ ಸಂಧಿವಾತ ರೋಗಿಗಳಿಗೆ ಕೊಟ್ಟು ನೋಡಿದರು. ಮೆಥೊಟ್ರೆಕ್ಸೇಟನ್ನು ವಾರಕ್ಕೆ ಒಂದೇ ದಿನ ನುಂಗಬೇಕು, ಜೊತೆಗೆ ಫೋಲಿಕ್ ಆಸಿಡ್ ಇರಬೇಕು. ತಪ್ಪಿ ದಿನವೂ ನುಂಗಿದರೆ ಜೀವಕ್ಕೇ ಅಪಾಯ. ಚೀಟಿಯ ಮೇಲೆ ವಾರವನ್ನು ಕನ್ನಡದಲ್ಲಿ ಬರೆದುಕೊಡಿ ಎಂದು ಔಷಧ ಅಂಗಡಿಗಳಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಹೇಳುತ್ತಲೇ ಇರುತ್ತೇನೆ.

ನಿಯಮಗಳು ಈಗ ಬದಲಾಗುತ್ತಿವೆ. 2023ರ ಮಾರ್ಚ್‌ನಲ್ಲಿ ನಮ್ಮ ಕೇಂದ್ರ ಸರ್ಕಾರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳಿಗೆ ತಿದ್ದುಪಡಿ ತಂದು, ಮನುಷ್ಯರ ಕೋಶಗಳಿಂದ ಬೆಳೆಸಿದ ಕಿರು ಅಂಗಾಂಶ, ಚಿಪ್ ಮೇಲಿನ ಅಂಗ, ಗಣಕ ಮಾದರಿಗಳ ಪುರಾವೆಗೂ ಜಾಗ ಕೊಟ್ಟಿತು. 2025ರ ಏಪ್ರಿಲ್‌ನಲ್ಲಿ ಅಮೆರಿಕದ ನಿಯಂತ್ರಕರು ಒಂದೇ ಗುರಿಗೆಂದು ತಯಾರಿಸಿದ ಮೊನೊಕ್ಲೋನಲ್ ಪ್ರತಿಕಾಯಗಳಿಂದ ಆರಂಭಿಸಿ ಪ್ರಾಣಿ ಪರೀಕ್ಷೆಯನ್ನು ಹಂತ ಹಂತವಾಗಿ ತಗ್ಗಿಸುವುದಾಗಿ ಘೋಷಿಸಿದರು. ನಾನು ಇದನ್ನು ಸ್ವಾಗತಿಸುತ್ತೇನೆ, ಒಂದು ಷರತ್ತಿನೊಂದಿಗೆ. ಕೀಲುಪೊರೆಯ ಚಿಪ್ ಟಿಎನ್‌ಎಫ್ ಸಂದೇಶವನ್ನು ಚೆನ್ನಾಗಿ ತೋರಿಸೀತು. ಅದೇ ಸಂದೇಶ ಶ್ವಾಸಕೋಶದಲ್ಲಿ ಕ್ಷಯವನ್ನು ಕಟ್ಟಿಹಾಕಿದೆ ಎಂಬುದನ್ನು ತೋರಿಸಲಾರದು. ಇಡೀ ದೇಹದ ಪ್ರಶ್ನೆಗೆ ಇಡೀ ದೇಹ ಬೇಕಾಗುವ ಸಂದರ್ಭಗಳು ಇನ್ನೂ ಇವೆ.

ನಮ್ಮ ಕಾಲೇಜುಗಳಲ್ಲಿ ತಕ್ಷಣ ಮಾಡಬಹುದಾದದ್ದು ಕ್ಯಾರಜೀನನ್ ಪಾದವನ್ನು ಸಂಧಿವಾತ ಎಂದು ಕರೆಯುವುದನ್ನು ನಿಲ್ಲಿಸುವುದು. ಪ್ರಾಣಿ ನೈತಿಕ ಸಮಿತಿಯ ಮುಂದೆ ಬರುವ ಅರ್ಜಿಯಲ್ಲಿ ಔಷಧವನ್ನು ರೋಗ ಬಂದ ಮೇಲೆ ಕೊಡುವ ಗುಂಪು ಇದೆಯೇ, ಹೆಣ್ಣು ಇಲಿಗಳಿವೆಯೇ, ಬಾವಿನ ಜೊತೆ ಕೀಲಿನ ಪದರಗಳನ್ನು ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡುವ ಏರ್ಪಾಡಿದೆಯೇ, ಅಳೆಯುವವರಿಗೆ ಯಾವ ಇಲಿಗೆ ಏನು ಕೊಟ್ಟಿದೆ ಎಂಬುದು ಮುಚ್ಚಿಡಲಾಗಿದೆಯೇ ಎಂದು ಕೇಳಬೇಕು. ಇಲ್ಲವಾದರೆ ಅರ್ಜಿ ಹಿಂದಿರುಗಬೇಕು. ವಿದ್ಯಾರ್ಥಿಗೆ ಒಂದು ಸೆಮಿಸ್ಟರ್ ತಡವಾದೀತು, ಆಗಲಿ.

ಇನ್ನೊಂದು ಅವಕಾಶ ಕಣ್ಣೆದುರೇ ಇದೆ. ಹುಬ್ಬಳ್ಳಿ–ಧಾರವಾಡದ ಆಸ್ಪತ್ರೆಗಳಲ್ಲಿ ಮಂಡಿ ಬದಲಿ ಶಸ್ತ್ರಚಿಕಿತ್ಸೆ ಈಗ ಮಾಮೂಲು. ಅದರಲ್ಲಿ ತೆಗೆದ ಕೀಲುಪೊರೆ ವೈದ್ಯಕೀಯ ತ್ಯಾಜ್ಯದ ಹಳದಿ ಚೀಲಕ್ಕೆ ಹೋಗುತ್ತದೆ. ಹೆಚ್ಚಿನವು ವಯಸ್ಸಿನ ಸವೆತದ ಮಂಡಿಗಳು, ನಡುವೆ ರುಮಟಾಯ್ಡ್ ಮಂಡಿಗಳೂ ಇರುತ್ತವೆ. ಹೋಲಿಕೆಗೆ ಎರಡೂ ಬೇಕು. ಲಂಡನ್ ತಂಡ 1989ರಲ್ಲಿ ಮೊದಲ ಸುಳಿವು ಕಂಡದ್ದು ಇಂಥ ಪೊರೆಯಲ್ಲೇ. ನಮ್ಮಲ್ಲಿ ವೈದ್ಯಕೀಯ ಕಾಲೇಜುಗಳಿವೆ, ಕರ್ನಾಟಕ ವಿಶ್ವವಿದ್ಯಾಲಯದ ಜೀವವಿಜ್ಞಾನ ವಿಭಾಗಗಳಿವೆ, ಐಐಟಿ ಇದೆ, ಫಾರ್ಮಸಿ ಕಾಲೇಜುಗಳಿವೆ. ಬೇಕಿರುವುದು ರೋಗಿಗೆ ಅರ್ಥವಾಗುವ ಕನ್ನಡದಲ್ಲಿ ಒಪ್ಪಿಗೆ ಪತ್ರ, ಮಾನವ ನೈತಿಕ ಸಮಿತಿಯ ಮಂಜೂರಾತಿ, ಒಂದು ಮಂಜುಗಡ್ಡೆ ಪೆಟ್ಟಿಗೆ ಮತ್ತು ಕೋಶ ಬೆಳೆಸುವ ಕೊಠಡಿ. ಹುಬ್ಬಳ್ಳಿಯಲ್ಲಿ ಬೆಳಗ್ಗೆ ತೆಗೆದ ಪೊರೆ 20 ಕಿಲೋಮೀಟರ್ ದೂರದ ಧಾರವಾಡದ ತಟ್ಟೆಗೆ ಮಧ್ಯಾಹ್ನದೊಳಗೆ ಬರಬಹುದು. ಗಿಡದ ಸಾರವನ್ನು ಮೊದಲು ಅದರ ಮೇಲೆ ಹಾಕಿ, ಟಿಎನ್‌ಎಫ್ ಮತ್ತು ಐಎಲ್-6 ಇಳಿದವೇ ಎಂದು ಅಳೆಯೋಣ. ಇಳಿಯದಿದ್ದರೆ ಇಲಿಯ ಪಂಜರದ ಬಾಗಿಲು ತೆರೆಯುವ ಮುನ್ನ ಆ ಕೆಲಸವನ್ನು ಏಕೆ ಮುಂದುವರಿಸಬೇಕು ಎಂದು ಸಮಿತಿ ವಿದ್ಯಾರ್ಥಿಯನ್ನು ಕೇಳಲಿ.